ಸೋಮವಾರ ಸಂಜೆ ಸಭೆ ಇಟ್ಟ ಮೇಲೆ

ಹೋದ ಸೋಮವಾರ ಸಂಜೆ ನಮ್ಮೂರ ಶಾಲೆಯಲ್ಲಿ ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾ ಸಮಿತಿಯ ಸಭೆ ಇತ್ತು. 14 ಜನ ಬಂದಿದ್ದರು, ಅದರಲ್ಲಿ ಒಂಬತ್ತು ಜನ ಹೆಂಗಸರು. ಒಬ್ಬರು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೇ ಕೂತಿದ್ದರು. ಹಾಸಿದ ಚಾಪೆ ಸಾಲದೆ ಚಿಕ್ಕ ಮಕ್ಕಳ ನಲಿ-ಕಲಿ ಕೋಣೆಯಿಂದ ಇನ್ನೊಂದು ತರಬೇಕಾಯಿತು. ಇದರಲ್ಲೇನು ವಿಶೇಷ ಅನ್ನಿಸಬಹುದು. ಎರಡು ವರ್ಷದ ಹಿಂದೆ ಇದೇ ಸಭೆಗೆ ಬರುತ್ತಿದ್ದವರು ಹೆಡ್ ಮೇಷ್ಟ್ರು, ಅಧ್ಯಕ್ಷರು ಮತ್ತು ನಾನು, ಅಷ್ಟೇ. ಅದಕ್ಕೇ ಇವತ್ತು ಹೊಲಿಗೆ ಮಷಿನ್ ಬದಿಗಿಟ್ಟು ಇದನ್ನು ಬರೆಯಲು ಕೂತಿದ್ದೇನೆ.

ನಮ್ಮೂರು ತಿಪಟೂರು ಕಡೆ. ಸುತ್ತ ತೆಂಗಿನ ತೋಟ, ಮಳೆ ಬಂದರೆ ರಾಗಿ ಹೊಲ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಯಜಮಾನರು ಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಮಗಳು ಮೂರನೇ ಕ್ಲಾಸು, ಮಗ ಒಂದನೇ ಕ್ಲಾಸು, ಇಬ್ಬರೂ ಊರಿನ ಸರ್ಕಾರಿ ಶಾಲೆಯಲ್ಲೇ. ಒಂದರಿಂದ ಏಳರವರೆಗೆ ಎಲ್ಲಾ ಸೇರಿ 64 ಮಕ್ಕಳು, ನಾಲ್ಕು ಜನ ಟೀಚರ್‌ಗಳು. ಬೆಳಗ್ಗೆ ಎಂಟಕ್ಕೆ ಕಾನ್ವೆಂಟಿನ ಹಳದಿ ಬಸ್ಸು ಬಂದು ಊರಿನ ಇನ್ನಷ್ಟು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಅವರವರ ಇಷ್ಟ, ನಾನು ಏನೂ ಅನ್ನುವುದಿಲ್ಲ. ಆದರೆ ಉಳಿದ 64 ಮಕ್ಕಳ ಶಾಲೆಯನ್ನು ನೋಡಿಕೊಳ್ಳುವವರು ಯಾರು ಅನ್ನುವುದು ನನಗೆ ದೊಡ್ಡ ವಿಷಯ.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ ಇದು 2001ರಿಂದ ಇದೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಅದರಲ್ಲೇ ಬರೆದಿದೆ. ಅಂದರೆ ಕೂಲಿಗೆ ಹೋಗುವ ತಾಯಿಗೂ ಶಾಲೆಯ ಲೆಕ್ಕ ಕೇಳುವ ಹಕ್ಕಿದೆ. ಇದು ನನಗೆ ಗೊತ್ತಾಗಿದ್ದೇ ನಾನು ಸದಸ್ಯೆ ಆದ ಮೇಲೆ.

ಹಕ್ಕು ಇದ್ದರೆ ಆಯಿತಾ? ಸಭೆ ಬೆಳಗ್ಗೆ 11 ಗಂಟೆಗೆ ಇಡುತ್ತಿದ್ದರು. ಆ ಹೊತ್ತಿಗೆ ಊರಲ್ಲಿ ಇರುವವರು ವಯಸ್ಸಾದವರು ಮತ್ತು ನನ್ನಂತೆ ಮನೆಯಲ್ಲೇ ಕೆಲಸ ಮಾಡುವವರು. ಯಾರೂ ಬರುತ್ತಿರಲಿಲ್ಲ. ಮಾರನೇ ದಿನ ಐದನೇ ಕ್ಲಾಸಿನ ಹುಡುಗನೊಬ್ಬ ನಡಾವಳಿ ಪುಸ್ತಕ ಹಿಡಿದುಕೊಂಡು ಮನೆ ಮನೆಗೆ ಬರುತ್ತಿದ್ದ. "ಇಲ್ಲೊಂದು ಸೈನ್ ಹಾಕಿ ಆಂಟಿ." ಮೇಲೆ ಏನು ಬರೆದಿದೆ ಅಂತ ಯಾರೂ ಓದುತ್ತಿರಲಿಲ್ಲ. ನಾನೂ ಎರಡು ಸಲ ಹಾಗೇ ಸೈನ್ ಹಾಕಿದ್ದೇನೆ. ಅದು ತಪ್ಪು, ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಹೆಡ್ ಮೇಷ್ಟ್ರನ್ನು ಮಾತ್ರ ದೂರುವುದಕ್ಕೂ ಮನಸ್ಸು ಬರುವುದಿಲ್ಲ. ಅವರೊಬ್ಬರೇ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಮೀಟಿಂಗಿಗೆ ತಿಪಟೂರಿಗೆ ಓಡಬೇಕು, ಆನ್‌ಲೈನಿನಲ್ಲಿ ಒಂದೊಂದೂ ತುಂಬಬೇಕು.

ಒಂದು ಶ್ರಾವಣದಲ್ಲಿ ಮಗುವಿನ ಟಿಸಿ ವಿಷಯಕ್ಕೆ ಬಂದಿದ್ದ ತಾಯಿಯೊಬ್ಬರನ್ನು ಮೇಷ್ಟ್ರು "ನೀವ್ಯಾಕಮ್ಮ ಸಭೆಗೆ ಬರಲ್ಲ" ಅಂತ ಕೇಳಿದರು. ಆಕೆ ನೇರವಾಗಿ ಹೇಳಿದರು: "ಸಾರ್, ನೀವು ಕರೆಯೋ ಹೊತ್ತಿಗೆ ನಾವು ಹೊಲದಲ್ಲಿ ಕಳೆ ಕೀಳ್ತಾ ಇರ್ತೀವಿ. ಸೋಮವಾರ ಸಂಜೆ ಇಡಿ, ಅವತ್ತು ಆರು ಕಟ್ಟಲ್ಲ."

ಆರು ಕಟ್ಟುವುದು ಅಂದರೆ ಎತ್ತಿಗೆ ನೇಗಿಲು ಹೂಡುವುದು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಈಗ ಎತ್ತು ಕಡಿಮೆ, ಟ್ರ್ಯಾಕ್ಟರ್ ಜಾಸ್ತಿ, ಆದರೂ ಸೋಮವಾರ ಊರು ಸ್ವಲ್ಪ ನಿಧಾನವಾಗಿಯೇ ಇರುತ್ತದೆ, ಕೂಲಿ ಕೆಲಸವೂ ಬೇಗ ಮುಗಿಯುತ್ತದೆ. ಮೇಷ್ಟ್ರೂ ಇದೇ ಊರಲ್ಲಿ ಆರು ವರ್ಷದಿಂದ ಇದ್ದಾರೆ, ನಾನು ಹುಟ್ಟಿದ್ದೇ ಈ ಕಡೆ. ಇಬ್ಬರಿಗೂ ಹೊಳೆದಿರಲಿಲ್ಲ. ಮುಂದಿನ ತಿಂಗಳಿಂದ ಮೊದಲ ಸೋಮವಾರ, ಸಂಜೆ ನಾಲ್ಕೂವರೆಗೆ ಸಭೆ. ಮೊದಲನೇ ಸಲವೇ ಏಳು ಜನ ಬಂದರು.

ಬಂದವರು ಮೊದಮೊದಲು ಮಾತಾಡುತ್ತಿರಲಿಲ್ಲ. ಮಾತು ಶುರುವಾಗಿದ್ದು ಅಡುಗೆಯಿಂದ.

ನಮ್ಮ ಶಾಲೆಯ ಅಡುಗೆ ಕೋಣೆ ಗೋಡೆಯ ಮೇಲೆ ಬರೆದಿದ್ದಾರೆ, ಒಂದರಿಂದ ಐದನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ. ಆರು ಏಳನೇ ಕ್ಲಾಸಿನವರಿಗೆ 150, 30, 75. ದಿನಾ ಒಬ್ಬ ಟೀಚರ್ ಮೊದಲು ಊಟ ಮಾಡಿ ನೋಡಿ ಪುಸ್ತಕದಲ್ಲಿ ಬರೆಯಬೇಕು, ತಾಯಂದಿರೂ ಬಂದು ರುಚಿ ನೋಡಬಹುದು. ಬರಬಹುದು ಅಂತ ಗೊತ್ತಿದ್ದವರು ಕಡಿಮೆ, ಬರುತ್ತಿದ್ದವರು ಯಾರೂ ಇಲ್ಲ. ನಾವು ಸಭೆಯಲ್ಲಿ ಸರದಿ ಹಾಕಿಕೊಂಡೆವು, ವಾರಕ್ಕೆ ಇಬ್ಬರು.

ನನ್ನ ಸರದಿಯ ದಿನ ಪಕ್ಕದ ಬೀದಿಯ ಅಕ್ಕ ಒಬ್ಬರು ಜೊತೆಗಿದ್ದರು. ಅನ್ನ ಸಾಂಬಾರ್. ನಮಗಿಬ್ಬರಿಗೂ ರುಚಿ ಚೆನ್ನಾಗಿಯೇ ಇತ್ತು. ಪುಸ್ತಕದಲ್ಲಿ ಚೆನ್ನಾಗಿದೆ ಅಂತ ಬರೆದು ಎದ್ದು ಬರಬಹುದಿತ್ತು. ಆಕೆ ಮಾತ್ರ ಏಳಲಿಲ್ಲ, ಮಕ್ಕಳ ಸಾಲಿನ ಹಿಂದೆ ಸುಮ್ನೆ ಕೂತು ತಟ್ಟೆಗಳನ್ನೇ ನೋಡುತ್ತಿದ್ದರು. ಒಂದನೇ ಕ್ಲಾಸಿನ ಮಕ್ಕಳು ಏನು ಮಾಡುತ್ತಿದ್ದರು ಗೊತ್ತಾ? ಸಾಂಬಾರ್ ಹಾಕಿದ ಜಾಗ ಬಿಟ್ಟು ಅಂಚಿನ ಬಿಳಿ ಅನ್ನ ಮಾತ್ರ ತಿನ್ನುತ್ತಿದ್ದರು. ಒಂದು ಮಗು ಎರಡು ತುತ್ತಿಗೊಂದು ಸಲ ನೀರು ಕುಡಿಯುತ್ತಿತ್ತು. ನನ್ನ ಮಗನ ತಟ್ಟೆಯೂ ಹಾಗೇ ಇತ್ತು. ಅವನು ಮನೆಗೆ ಬಂದ ತಕ್ಷಣ ಹಸಿವು ಅನ್ನುತ್ತಿದ್ದದ್ದು ಯಾಕೆ ಅಂತ ಅವತ್ತು ಅರ್ಥವಾಯಿತು.

ಆ ಸೋಮವಾರ ಈ ಮಾತು ಎತ್ತಿದಾಗ ಅಡುಗೆಯ ಅಕ್ಕನಿಗೆ ನೋವಾಯಿತು. "ಅಷ್ಟು ಮಕ್ಕಳಿಗೆ ಒಂದೇ ಪಾತ್ರೆಲಿ ಮಾಡ್ತೀನಿ, ದೊಡ್ಡೋರು ಸಪ್ಪೆ ಅಂತಾರೆ, ಚಿಕ್ಕೋರು ಖಾರ ಅಂತಾರೆ, ನಾನೇನ್ ಮಾಡ್ಲಿ" ಅಂದರು. ಅವರ ಮಾತೂ ಸರಿಯೇ. ಅವರಿಗೆ ಸಿಗುವ ಗೌರವಧನ ಅವರ ದುಡಿಮೆಗೆ ಯಾವ ಲೆಕ್ಕಕ್ಕೂ ಸಾಲದು, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಆಮೇಲೆ ಮಾತಾಡುತ್ತಾ ಮಾತಾಡುತ್ತಾ ದಾರಿ ಅವರೇ ಹೇಳಿದರು. ಬೇಳೆ ತರಕಾರಿ ಬೆಂದ ಮೇಲೆ, ಸಾಂಬಾರ್ ಪುಡಿ ಹಾಕುವ ಮುಂಚೆ, ಚಿಕ್ಕವರಿಗೆ ಅಂತ ಒಂದು ಪಾತ್ರೆ ತೆಗೆದಿಟ್ಟು ಅದಕ್ಕೆ ಉಪ್ಪು, ಸ್ವಲ್ಪ ಕಾಯಿ ತುರಿ ಹಾಕಿ ಬೇರೆ ಒಗ್ಗರಣೆ ಕೊಡುವುದು. ಕಾಯಿ ಎಲ್ಲಿಂದ? ತಿಪಟೂರು ಕಡೆಯ ಊರಲ್ಲಿ ಆ ಪ್ರಶ್ನೆ ಕೇಳಬಾರದು ಅಲ್ವಾ. ತೋಟ ಇರುವವರು ತಿಂಗಳಿಗೆ ನಾಲ್ಕು ಕಾಯಿ, ಇಲ್ಲದವರು ಏನೂ ಕೊಡಬೇಕಾಗಿಲ್ಲ ಅಂತ ಮಾತಾಯಿತು. ಕಾಯಿ ರೇಟು ಏರಿದ ತಿಂಗಳಲ್ಲೂ ಒಂದು ಮನೆಯವರೂ ತಪ್ಪಿಸಲಿಲ್ಲ. ಅಡುಗೆ ಕೋಣೆಯ ಮೂಲೆಯಲ್ಲಿ ಈಗ ಯಾವಾಗಲೂ ಒಂದು ಗೋಣಿಚೀಲದಲ್ಲಿ ಕಾಯಿ ಇರುತ್ತದೆ.

ಊಟದ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲ ಅಂತ ಅನ್ನುವ ಹಾಗಿಲ್ಲ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ, ಮಗುವಿಗೆ 150 ಎಂ.ಎಲ್. ಈಗ ಕೆಲವು ದಿನ ಅದರಲ್ಲಿ ರಾಗಿ ಮಾಲ್ಟ್ ಬೆರೆಸುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ಬೇಡ ಅನ್ನುವವರಿಗೆ ಬಾಳೆಹಣ್ಣು. ಸಾಮಾನು ಶಾಲೆ ಬಾಗಿಲ ತನಕ ಬರುತ್ತದೆ. ಅಲ್ಲಿಂದ ಮಗುವಿನ ಹೊಟ್ಟೆಗೆ ಹೋಯಿತಾ ಇಲ್ವಾ ಅಂತ ನೋಡಲು ಬೆಂಗಳೂರಿಂದ ಯಾರೂ ಬರಲಾಗುವುದಿಲ್ಲ, ನಾವೇ ಹೋಗಬೇಕು.

ಇನ್ನೊಂದು ಸಭೆ ನನ್ನ ಮನೆಯ ಜಗಳವನ್ನೇ ನಿಲ್ಲಿಸಿತು.

ಮಗ ಒಂದನೇ ಕ್ಲಾಸಿಗೆ ಸೇರಿ ಎರಡು ತಿಂಗಳಾಗಿತ್ತು. ನಮ್ಮತ್ತೆ ಒಂದು ದಿನ ಅ ಆ ಇ ಈ ಹೇಳು ಅಂದರು. ಅವನು "ರ ಗ ಸ ದ ಅ" ಅಂದ. ಮುಂದೆ? ಅಷ್ಟೇ. ಅತ್ತೆಗೆ ಗಾಬರಿ. "ಅಕ್ಷರಮಾಲೆನೇ ಹೇಳಿಕೊಟ್ಟಿಲ್ವಲ್ಲ, ಅಲ್ಲಿ ಏನು ಮಾಡ್ತಾರೆ ಇಡೀ ದಿನ" ಅಂತ ರಾತ್ರಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಅ ಆ ತಿದ್ದಿಸಲು ಶುರು ಮಾಡಿದರು. ಅವನು ಅಳುತ್ತಿದ್ದ. ನಾನೂ ಗದರಿದೆ. ನನ್ನ ಯಜಮಾನರಂತೂ ಮುಂದಿನ ವರ್ಷ ಹಳದಿ ಬಸ್ಸಿಗೇ ಹತ್ತಿಸೋಣ ಅನ್ನುವ ತನಕ ಹೋದರು. ಮಗಳು ಒಂದನೇ ಕ್ಲಾಸು ಓದಿದ್ದು ನನ್ನ ತವರೂರಲ್ಲಿ, ಹಾಗಾಗಿ ನಮ್ಮ ಮನೆಯವರಿಗೆ ಇದು ಹೊಸದು.

ಸಭೆಯಲ್ಲಿ ಇದನ್ನು ಕೇಳಿದೆ. ನಲಿ-ಕಲಿ ಮಿಸ್ ನಮ್ಮನ್ನೆಲ್ಲ ಅವರ ಕೋಣೆಗೆ ಕರೆದುಕೊಂಡು ಹೋಗಿ ನೆಲದ ಮೇಲೆ ಕೂರಿಸಿದರು. ಆ ಕೋಣೆ ನೋಡಿಲ್ಲದವರು ಒಮ್ಮೆ ನೋಡಬೇಕು. ಸುತ್ತ ಗೋಡೆಯ ಕೆಳಗೆ, ಮಗು ಕೂತರೆ ಕೈಗೆ ಸಿಗುವಷ್ಟು ಎತ್ತರಕ್ಕೆ ಕಪ್ಪು ಹಲಗೆ ಬಳಿದಿರುತ್ತಾರೆ, ಒಬ್ಬೊಬ್ಬರಿಗೂ ಅವರದೇ ಜಾಗ. ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಹೂವು ನೇತು ಹಾಕಿರುತ್ತಾರೆ, ಅದಕ್ಕೆ ಚಪ್ಪರ ಅಂತಲೇ ಹೆಸರು. ಮಿಸ್ ಆ ಕೆಳಗಿನ ಹಲಗೆ ಮೇಲೆ ರ, ಗ, ಸ, ದ, ಅ ಬರೆದು, "ಈ ಐದೇ ಅಕ್ಷರ. ಇದರಲ್ಲಿ ಎಷ್ಟು ಪದ ಆಗುತ್ತೆ ನೀವೇ ಹೇಳಿ" ಅಂದರು.

ಮೊದಲು ಎಲ್ಲರೂ ಸುಮ್ಮನಿದ್ದರು. ಯಾರೋ ಮೆಲ್ಲಗೆ "ಸರ" ಅಂದರು. ಆಮೇಲೆ ಅರಸ. ಅಗಸ. ದರ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ಮರಗೆಲಸದವರೊಬ್ಬರು ಬಾಗಿಲಲ್ಲೇ ನಿಂತು "ಗರಗಸ" ಅಂತ ಜೋರಾಗಿ ಹೇಳಿದರು, ಎಲ್ಲರೂ ಅವರ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ, ಐದು ಅಕ್ಷರ ಬಂದ ಕೂಡಲೇ ಮಗು ಪೂರ್ತಿ ಪದ ಓದಬಹುದು. ಅ ಆ ಇ ಈ ಇಂದ ಶುರು ಮಾಡಿದರೆ ಸ್ವರಗಳೆಲ್ಲ ಮುಗಿದರೂ ಓದಲು ಇಷ್ಟು ಪದ ಸಿಗುವುದಿಲ್ಲ. ಇಷ್ಟು ಸರಳ ವಿಷಯವನ್ನು ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಮೇಲೆ ಜ ವ ಮ ಬ ನ ಬರುತ್ತದೆ, ಹೀಗೇ ಮೆಟ್ಟಿಲು ಮೆಟ್ಟಿಲಾಗಿ. ಗೋಡೆಯ ಮೇಲೆ ಕಲಿಕಾ ಏಣಿ ಇದೆ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಪ್ರಗತಿ ನೋಟದಲ್ಲಿ ಗುರುತು ಹಾಕುತ್ತಾರೆ. ಜ್ವರ ಬಂದು ಹತ್ತು ದಿನ ಶಾಲೆ ತಪ್ಪಿಸಿದ ಮಗು ವಾಪಸ್ ಬಂದಾಗ, ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ. ನಲಿ-ಕಲಿ ಅನ್ನುವ ಈ ಪಾಠದ ಕ್ರಮ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, ಅಲ್ಲಿಂದ ಇಡೀ ರಾಜ್ಯಕ್ಕೆ ಹರಡಿತು ಅಂತ ಮಿಸ್ ಹೇಳಿದರು.

ಮನೆಗೆ ಬಂದು ಅತ್ತೆಗೆ ಗರಗಸ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ದಸರ" ಅಂದರು. ಮಗ ಓಡಿ ಹೋಗಿ ಸ್ಲೇಟ್ ತಂದ.

ತಿಂಗಳು ತಿಂಗಳು ಶಾಲೆಯಲ್ಲಿ ಇನ್ನೂ ಏನೇನೋ ನಡೆಯುತ್ತದೆ. ಮೇ ಕೊನೆಯಲ್ಲಿ ಶಾಲೆ ತೆರೆದಾಗ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಹೊಸ ಮಕ್ಕಳಿಗೆ ಆರತಿ ಎತ್ತಿ ಸಿಹಿ ಕೊಡುತ್ತಾರೆ. ಮಳೆಗಾಲದಲ್ಲಿ ಶಾಲಾ ಸಂಸತ್ತಿನ ಚುನಾವಣೆ, ಮೊಬೈಲಿನಲ್ಲೇ ಮತಯಂತ್ರ ಮಾಡಿ ಬೆರಳಿಗೆ ಶಾಯಿ ಕೂಡ ಹಚ್ಚುತ್ತಾರೆ. ಆಗಸ್ಟಿನಲ್ಲಿ ಜಂತುಹುಳದ ಮಾತ್ರೆ, 15ಕ್ಕೆ ಪ್ರಭಾತ ಫೇರಿ. ಆಮೇಲೆ ಪ್ರತಿಭಾ ಕಾರಂಜಿ, ದಸರಾ ರಜೆ. ತಿಂಗಳಿಗೊಂದು ಶನಿವಾರ ಬ್ಯಾಗಿಲ್ಲದ ದಿನ, ಅವತ್ತು ನಮ್ಮ ಮಗಳು ಬೆಳಗ್ಗೆ ಯಾರೂ ಎಬ್ಬಿಸದೆ ಏಳುತ್ತಾಳೆ. ಆಗಸ್ಟ್ 15ಕ್ಕೆ ಊರೆಲ್ಲ ಬರುತ್ತದೆ, ಸಿಹಿ ಹಂಚುತ್ತಾರೆ, ಫೋಟೋ ಆಗುತ್ತದೆ. ಅದು ಬೇಡ ಅನ್ನುವುದಿಲ್ಲ. ಆದರೆ ಆ ಒಂದು ದಿನಕ್ಕೆ ಐನೂರು ರೂಪಾಯಿ ಕೊಟ್ಟು ವರ್ಷವಿಡೀ ಶಾಲೆಯ ಕಡೆ ತಲೆ ಹಾಕದವರಿಗಿಂತ, ಬರಿಗೈಲಿ ಬಂದು ಒಂದು ಗಂಟೆ ಮಕ್ಕಳ ಹಿಂದೆ ಕೂರುವ ತಾಯಿಯಿಂದ ಶಾಲೆಗೆ ಜಾಸ್ತಿ ಉಪಯೋಗ. ಇದನ್ನು ನಾನು ಎರಡು ವರ್ಷದಿಂದ ಕಣ್ಣಾರೆ ನೋಡುತ್ತಿದ್ದೇನೆ.

ಡಿಸೆಂಬರಿನ ಮಕ್ಕಳ ಸಂತೆ ಬಗ್ಗೆ ಸ್ವಲ್ಪ ಹೇಳಲೇಬೇಕು.

ಮನೆಯಿಂದ ತಂದ ತರಕಾರಿ, ಸೊಪ್ಪು, ನಿಂಬೆಹಣ್ಣು, ಹುಣಸೆಹಣ್ಣು ಎಲ್ಲಾ ಶಾಲೆ ಅಂಗಳದಲ್ಲಿ ಗೋಣಿತಾಟು ಹಾಸಿ ಮಕ್ಕಳೇ ಮಾರುತ್ತಾರೆ. ಅವರೆಕಾಯಿ ಕಾಲ, ಆ ಸೊಗಡು ಗೇಟಿನ ತನಕ ಬರುತ್ತಿತ್ತು. ಮಗಳು ನುಗ್ಗೆಸೊಪ್ಪು ಇಟ್ಟಿದ್ದಳು, ಕಟ್ಟು ಐದು ರೂಪಾಯಿ ಅಂತ ಸ್ಲೇಟಿನಲ್ಲಿ ಬರೆದು ಪಕ್ಕಕ್ಕೆ ಆನಿಸಿದ್ದಳು. ಒಟ್ಟು ಹನ್ನೆರಡು ಕಟ್ಟು. ನಮ್ಮೂರಿನ ಒಬ್ಬ ಅಜ್ಜಿ, ಜೀವನವಿಡೀ ಸಂತೆಯಲ್ಲಿ ಸೊಪ್ಪು ಮಾರಿದವರು, ಅವತ್ತು ಕೊಳ್ಳಲು ಬಂದಿದ್ದರು. ಎರಡು ಕಟ್ಟು ತೆಗೆದುಕೊಂಡು ಹತ್ತು ರೂಪಾಯಿ ಕೊಟ್ಟು, ಕೈ ಮುಂದೆ ಚಾಚಿ ನಿಂತರು. "ಕೊಸರು ಹಾಕವ್ವ."

ಮಗಳಿಗೆ ಕೊಸರು ಗೊತ್ತಿಲ್ಲ. ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅಜ್ಜಿಯೇ ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟರು: ಕೊಂಡವರಿಗೆ ಮೇಲೊಂದು ಹಿಡಿ ಹಾಕಿದರೆ ಅವರು ಮುಂದಿನ ವಾರವೂ ನಿನ್ನ ಹತ್ತಿರವೇ ಬರುತ್ತಾರೆ, ಅದಕ್ಕೇ ಕಟ್ಟು ಕಟ್ಟುವಾಗಲೇ ಒಂದಷ್ಟು ಬಿಡಿ ಸೊಪ್ಪು ಬೇರೆ ಇಟ್ಟುಕೊಂಡಿರಬೇಕು. ಮಗಳು ಒಂದು ಕಟ್ಟು ಬಿಚ್ಚಿದಳು. ಸಂಜೆ ಲೆಕ್ಕ ಬರೆಯುವಾಗ ಹನ್ನೊಂದು ಕಟ್ಟು, 55 ರೂಪಾಯಿ. ಉಳಿದ ಒಂದು ಕಟ್ಟನ್ನು ಎಲ್ಲಿ ಬರೆಯುವುದು, ಅದು ನಷ್ಟವಾ ಅಂತ ಮಿಸ್‌ನ ಕೇಳಿದಳು. ಮಿಸ್ ಬೋರ್ಡಿನ ಮೇಲೆ ಲಾಭ, ನಷ್ಟ ಅಂತ ಇದ್ದ ಎರಡು ಮನೆಯ ಪಕ್ಕ ಕೊಸರು ಅಂತ ಮೂರನೇ ಮನೆ ಎಳೆದರು. ಅಜ್ಜಿ ಗೇಟಿನ ಹತ್ತಿರ ಇನ್ನೂ ನಿಂತೇ ಇದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲಂತೆ. ಮುಂದಿನ ವರ್ಷ ಸಂತೆಗೆ ಒಂದು ವಾರ ಮುಂಚೆಯೇ ಅವರನ್ನು ಕರೆಸಿ ತಕ್ಕಡಿ ಹಿಡಿಯುವುದು, ಕಟ್ಟು ಕಟ್ಟುವುದು ಹೇಳಿಕೊಡಿಸಬೇಕು ಅಂತ ನಾನು ಸಭೆಯಲ್ಲಿ ಹೇಳಿದ್ದೇನೆ, ನಡಾವಳಿಯಲ್ಲಿ ಬರೆಸಿಯೂ ಇದ್ದೇನೆ.

ಎಲ್ಲಾ ಸರಿ ಹೋಗಿದೆ ಅಂತ ಅಲ್ಲ. ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ ಆಯಿತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿಲ್ಲ, ನಾವು ಮನೆಗೆ ಹೋಗುವ ತನಕ ತಡೆದುಕೊಂಡಿರುತ್ತೇವೆ ಅಂದಳು. ಅಷ್ಟು ಜನರ ಮುಂದೆ ಇದನ್ನು ಹೇಳಲು ಆ ಮಗುವಿಗೆ ಎಷ್ಟು ಧೈರ್ಯ ಬೇಕಾಯಿತೋ. ಮಾಡಿಸುತ್ತೇವೆ ಅಂತ ಪಂಚಾಯ್ತಿಯವರು ಬರೆದುಕೊಂಡರು. ತಿಂಗಳಾದರೂ ಯಾರೂ ಬರಲಿಲ್ಲ. ಕೊನೆಗೆ ಡಿಸೆಂಬರ್ ಸಭೆಗೆ ಬಂದಿದ್ದ ಇಬ್ಬರು ಅಪ್ಪಂದಿರು ಪೈಪ್ ತಂದು, ಭಾನುವಾರ ಅರ್ಧ ದಿನ ಕೂತು ಟ್ಯಾಂಕಿಂದ ಲೈನ್ ಎಳೆದರು. ನೀರು ಬರುತ್ತಿದೆ. ಆದರೂ ಆ ಕೆಲಸ ಮಾಡಬೇಕಾದವರು ಮಾಡಲಿಲ್ಲ ಅನ್ನುವುದನ್ನು ಬಿಟ್ಟುಬಿಡುವುದು ಸರಿಯಲ್ಲ. ಅರ್ಜಿ ಮತ್ತೆ ಬರೆದಿದ್ದೇವೆ, ಈ ಸಲ 22 ಜನರ ಸೈನ್ ಇದೆ, ಎಲ್ಲರೂ ಓದಿಯೇ ಹಾಕಿದ್ದಾರೆ. ಓದಲು ಬರದವರಿಗೆ ಏಳನೇ ಕ್ಲಾಸಿನ ಮಕ್ಕಳು ಓದಿ ಹೇಳಿದರು.

ಇನ್ನೂ ಬರದವರು ಅಪ್ಪಂದಿರು. 14ರಲ್ಲಿ ಐದೇ ಜನ ಗಂಡಸರು, ಅದರಲ್ಲಿ ಮೇಷ್ಟ್ರೂ ಒಬ್ಬರು. ನನ್ನ ಯಜಮಾನರೇ ಎರಡು ವರ್ಷದಲ್ಲಿ ಎರಡು ಸಲ ಬಂದಿದ್ದಾರೆ. ಕಾಯಿ ಸುಲಿದು ಬಂದರೆ ಕೈ ಎತ್ತಲಾಗುವುದಿಲ್ಲ, ನನಗೆ ಗೊತ್ತು. ಹಾಗಂತ ನಾನು ಕರೆಯುವುದನ್ನು ಬಿಟ್ಟಿಲ್ಲ.

ಮುಂದಿನ ಸಭೆಗೆ ಮಾತ್ರ ಅಪ್ಪಂದಿರು ಬರಲೇಬೇಕು. ಏಳನೇ ಕ್ಲಾಸಿನಲ್ಲಿ ಈ ವರ್ಷ ಎಂಟು ಮಕ್ಕಳಿದ್ದಾರೆ, ಐದು ಜನ ಹೆಣ್ಣುಮಕ್ಕಳು. ಏಪ್ರಿಲ್ ರಿಸಲ್ಟ್ ಆದ ಮೇಲೆ ಎಂಟಕ್ಕೆ ಹೈಸ್ಕೂಲಿಗೆ ಹೋಗಬೇಕು, ಅದು ಆರು ಕಿಲೋಮೀಟರ್ ದೂರ, ಬೆಳಗ್ಗೆ ಬಸ್ಸಿದೆ, ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸ್ಸಿಲ್ಲ. ಇಬ್ಬರ ಮನೆಯಲ್ಲಿ ಈಗಲೇ "ಏಳು ಓದಿದ್ದು ಸಾಕು" ಅನ್ನುವ ಮಾತು ಕೇಳಿಬರುತ್ತಿದೆ. ಆ ಎಂಟೂ ಮನೆಯ ಅಪ್ಪ ಅಮ್ಮ ಒಟ್ಟಿಗೆ ಕೂತು ಮಾತಾಡಬೇಕು, ಒಟ್ಟಿಗೇ ಡಿಪೋಗೆ ಹೋಗಿ ಸಂಜೆ ಬಸ್ಸು ಕೇಳಬೇಕು. ಅಲ್ಲಿಯವರೆಗೆ ಏನು ಮಾಡುವುದು, ಯಾರ ಆಟೋ, ತಿಂಗಳಿಗೆ ಎಷ್ಟು, ಅದೂ ಅವತ್ತೇ ತೀರ್ಮಾನ ಆಗಬೇಕು. ನಾಳೆ ಸಂಜೆ ಆ ಇಬ್ಬರ ಮನೆಗೆ ಮಿಸ್ ಮತ್ತು ನಾನು ಹೋಗುತ್ತಿದ್ದೇವೆ. ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ.